ಹೆಡರ್‌ಗೆ ತೂತು ಕೊರೆದರೆ ಪ್ಯಾಡ್ ಬೇಕೇ? ಬ್ರಾಂಚ್ ಜಾಯಿಂಟಿನ ಲೆಕ್ಕ, ಹಂತ ಹಂತವಾಗಿ

ಪೀಣ್ಯದ ಯಾವುದೇ ಪೈಪ್ ಫ್ಯಾಬ್ರಿಕೇಶನ್ ಶೆಡ್ಡಿಗೆ ಹೋಗಿ ನಿಂತರೂ ಈ ಪ್ರಶ್ನೆ ಕಿವಿಗೆ ಬೀಳುತ್ತದೆ: "ಸಾರ್, ಇದಕ್ಕೆ ಪ್ಯಾಡ್ ಹಾಕ್ಬೇಕಾ, ಬೇಡ್ವಾ?" ಹೆಡರ್ ಎಂದರೆ ದೊಡ್ಡ ಮುಖ್ಯ ಪೈಪ್, ಬ್ರಾಂಚ್ ಎಂದರೆ ಅದರಿಂದ ಕವಲೊಡೆಯುವ ಪೈಪ್, ಪ್ಯಾಡ್ ಎಂದರೆ ಆ ಜಾಯಿಂಟಿಗೆ ಬಲ ಕೊಡಲು ಬ್ರಾಂಚಿನ ಸುತ್ತ ಹೆಡರಿನ ಮೇಲೆ ವೆಲ್ಡ್ ಮಾಡುವ ಲೋಹದ ಬಳೆ. ಉತ್ತರ ಬಹಳ ಸಲ ಅಂದಾಜಿನದು. "ಹೋದ ಪ್ರಾಜೆಕ್ಟಲ್ಲಿ ಹಾಕಿದ್ವಿ, ಇಲ್ಲೂ ಹಾಕ್ಬಿಡಿ." ವೈಟ್‌ಫೀಲ್ಡಿನ ಡಿಸೈನ್ ಆಫೀಸುಗಳಲ್ಲಿ ಅಂದಾಜು ನಡೆಯುವುದಿಲ್ಲ. ಅಲ್ಲಿ ಎಕ್ಸೆಲ್ ಶೀಟ್ ಇರುತ್ತದೆ. ಸಂಖ್ಯೆ ತುಂಬಿದರೆ ಹಸಿರು ಬಣ್ಣದಲ್ಲಿ 'ಓಕೆ' ಬರುತ್ತದೆ. ಆದರೆ ಆ 'ಓಕೆ' ಎಲ್ಲಿಂದ ಬಂತು ಅಂತ ಹೊಸದಾಗಿ ಸೇರಿದ ಇಂಜಿನಿಯರನ್ನು ಕೇಳಿದರೆ ಹೇಳಲು ಕಷ್ಟವಾಗುತ್ತದೆ.

ಈ ಲೆಕ್ಕವನ್ನು ಒಮ್ಮೆಯಾದರೂ ಪೇಪರಿನ ಮೇಲೆ, ಕ್ಯಾಲ್ಕುಲೇಟರ್ ಹಿಡಿದು ಮಾಡಲೇಬೇಕು ಎಂಬುದು ನನ್ನ ಅಭಿಪ್ರಾಯ. ಗಣಿತ ಕಷ್ಟದ್ದಲ್ಲ. ಗುಣಾಕಾರ, ವ್ಯವಕಲನ, ಒಂದು ಸೈನ್ ಬೆಲೆ, ಅಷ್ಟೇ. ಕಷ್ಟ ಇರುವುದು ಬೇರೆ ಕಡೆ. ಪೈಪಿನಲ್ಲಿ ಕಣ್ಣಿಗೆ ಕಾಣುವ ಲೋಹವೆಲ್ಲ ಲೆಕ್ಕಕ್ಕೆ ಸಿಗುವುದಿಲ್ಲ. ಎಷ್ಟು ಸಿಗುತ್ತದೆ, ಎಷ್ಟು ಬಿಡಬೇಕು ಎಂಬುದನ್ನು ಸರಿಯಾಗಿ ಹಿಡಿದರೆ ಉಳಿದದ್ದು ತಾನಾಗಿಯೇ ಬರುತ್ತದೆ.

ಇಲ್ಲಿ ಅನುಸರಿಸುವುದು ಪ್ರಾಸೆಸ್ ಪೈಪಿಂಗಿನ ಕೋಡ್ ಆದ, ಅಮೆರಿಕದ ಮೆಕ್ಯಾನಿಕಲ್ ಇಂಜಿನಿಯರುಗಳ ಸಂಘದ (ಎ.ಎಸ್.ಎಂ.ಇ.) ಬಿ31.3. ಅದರ 304.3.3 ನೇ ಪ್ಯಾರಾದಲ್ಲಿ ಈ ಲೆಕ್ಕ ಇದೆ. ನಿಮ್ಮದು ಸ್ಟೀಮ್ ಲೈನ್ ಆಗಿದ್ದರೆ ಸ್ವಲ್ಪ ನಿಲ್ಲಿ. ಪ್ರತಿ ಚದರ ಸೆಂಟಿಮೀಟರಿಗೆ 3.5 ಕೆ.ಜಿ.ಗಿಂತ ಜಾಸ್ತಿ ಒತ್ತಡದ ಸ್ಟೀಮ್ ಲೈನ್, ಅಥವಾ 254 ಮಿ.ಮೀ.ಗಿಂತ ದೊಡ್ಡ ಒಳವ್ಯಾಸವಿದ್ದು 1 ಕೆ.ಜಿ.ಗಿಂತ ಜಾಸ್ತಿ ಒತ್ತಡದ ಸ್ಟೀಮ್ ಲೈನ್ ನಮ್ಮ ದೇಶದಲ್ಲಿ ಐ.ಬಿ.ಆರ್. (ಇಂಡಿಯನ್ ಬಾಯ್ಲರ್ ರೆಗ್ಯುಲೇಷನ್ಸ್) ನಿಯಮಗಳ ಅಡಿ ಬರುತ್ತದೆ. ಅದಕ್ಕೆ ಆ ನಿಯಮಗಳ ಪ್ರಕಾರವೇ ಲೆಕ್ಕ ಮಾಡಿ, ಬಾಯ್ಲರ್ ಇಲಾಖೆಯ ಒಪ್ಪಿಗೆ ಪಡೆಯಬೇಕು.

ತೂತು ಯಾಕೆ ಸಮಸ್ಯೆ

ಪೈಪಿನೊಳಗೆ ಒತ್ತಡ ಇದ್ದಾಗ ಗೋಡೆ ಸುತ್ತಲೂ ಹಿಗ್ಗಲು ನೋಡುತ್ತದೆ. ಈ ಸುತ್ತಳತೆಯ ಎಳೆತವೇ ಹೂಪ್ ಸ್ಟ್ರೆಸ್. ತೆಳುವಾದ ಪೈಪಿನಲ್ಲಿ ಇದು ಉದ್ದಕ್ಕೆ ಬೀಳುವ ಸ್ಟ್ರೆಸ್ಸಿನ ಎರಡರಷ್ಟು. ಬ್ರಾಂಚಿಗಾಗಿ ತೂತು ಕೊರೆದಾಗ ಆ ಜಾಗದಲ್ಲಿ ಎಳೆತ ಹೊರುತ್ತಿದ್ದ ಲೋಹ ಹೋಯಿತು. ಎಳೆತ ಮಾತ್ರ ಹೋಗಲಿಲ್ಲ. ಅದು ತೂತಿನ ಎರಡೂ ಪಕ್ಕದ ಲೋಹದ ಮೇಲೆ ಬೀಳುತ್ತದೆ. ಹಾಗಾಗಿ ಕೋಡ್ ಹೆಡರಿನ ಉದ್ದಕ್ಕೆ, ಎರಡೂ ಪೈಪಿನ ಮಧ್ಯರೇಖೆ ಹಾದುಹೋಗುವಂತೆ ಸೀಳಿದ ಅಡ್ಡಕೊಯ್ತವನ್ನು ನೋಡುತ್ತದೆ. ಆ ಕೊಯ್ತದಲ್ಲಿ ಎಷ್ಟು ಚದರ ಮಿ.ಮೀ. ಲೋಹ ಕಳೆದುಹೋಯಿತು, ಹತ್ತಿರದಲ್ಲಿ ಎಷ್ಟು ಚದರ ಮಿ.ಮೀ. ಹೆಚ್ಚುವರಿ ಇದೆ ಎಂದು ಹೋಲಿಸುತ್ತದೆ. ಒಂಥರಾ ಜಮಾ ಖರ್ಚಿನ ಲೆಕ್ಕ. ಖರ್ಚಿಗಿಂತ ಜಮಾ ಜಾಸ್ತಿ ಇದ್ದರೆ ಪ್ಯಾಡ್ ಬೇಡ. ಕಡಿಮೆ ಇದ್ದರೆ ಕೊರತೆಯಷ್ಟನ್ನು ಪ್ಯಾಡ್ ತುಂಬಬೇಕು.

ಒಂದು ಮಾತು ಗಮನಿಸಿ. ಕೊರೆದು ತೆಗೆದ ಪೂರ್ತಿ ದಪ್ಪವನ್ನು ವಾಪಸ್ ಕೊಡಬೇಕಾಗಿಲ್ಲ. ಒತ್ತಡ ತಡೆಯಲು ಎಷ್ಟು ದಪ್ಪ ಬೇಕಿತ್ತೋ ಅಷ್ಟನ್ನು ಮಾತ್ರ ಕೊಟ್ಟರೆ ಸಾಕು. ಒತ್ತಡ ಕಡಿಮೆ ಇದ್ದು ಪೈಪ್ ದಪ್ಪ ಇರುವ ಲೈನುಗಳಲ್ಲಿ, ಉದಾಹರಣೆಗೆ ಸಾಮಾನ್ಯ ಕೂಲಿಂಗ್ ವಾಟರ್ ಲೈನುಗಳಲ್ಲಿ, ಬಹುತೇಕ ಪ್ಯಾಡ್ ಬೇಡ ಎಂದೇ ಬರುವುದು ಇದರಿಂದಲೇ.

ಲೆಕ್ಕವೇ ಬೇಡದ ಸಂದರ್ಭಗಳು

ಕೋಡ್ ಪಟ್ಟಿ ಮಾಡಿದ ಮಾನಕದ ಫಿಟ್ಟಿಂಗ್ ಬಳಸಿದರೆ ಈ ಲೆಕ್ಕದ ಅಗತ್ಯವಿಲ್ಲ. ಬಿ16.9 ಪ್ರಕಾರದ ಟೀ (ಮೂರು ಬಾಯಿಯ ಫಿಟ್ಟಿಂಗ್) ಹಾಕಿದರೆ ಅದರ ಬಲ ತಯಾರಕರ ಜವಾಬ್ದಾರಿ. ವೆಲ್ಡೊಲೆಟ್‌ನಂಥ ಓಲೆಟ್ ಫಿಟ್ಟಿಂಗುಗಳೂ (ಹೆಡರಿನ ಮೇಲೆ ಕೂರಿಸುವ ದಪ್ಪ ಗೋಡೆಯ ಬ್ರಾಂಚ್ ತುಂಡುಗಳು) ತಮ್ಮ ಮೈಯಲ್ಲೇ ಬೇಕಾದ ಲೋಹ ಇಟ್ಟುಕೊಂಡು ಬರುತ್ತವೆ. ಇನ್ನು ಸಣ್ಣ ಬ್ರಾಂಚ್: ಕಪ್ಲಿಂಗ್ ಅಥವಾ ಹಾಫ್ ಕಪ್ಲಿಂಗನ್ನು ನೇರವಾಗಿ ಹೆಡರಿಗೆ ವೆಲ್ಡ್ ಮಾಡುವಾಗ ಬ್ರಾಂಚ್ 2 ಇಂಚು ಮೀರದಿದ್ದರೆ ಮತ್ತು ಹೆಡರ್ ಸೈಜಿನ ಕಾಲು ಭಾಗ ಮೀರದಿದ್ದರೆ ಲೆಕ್ಕ ಬೇಡ. ಎರಡೂ ಷರತ್ತು ಒಟ್ಟಿಗೆ ಕೂಡಿಬರಬೇಕು. 4 ಇಂಚಿನ ಹೆಡರಿಗೆ 2 ಇಂಚಿನ ಕಪ್ಲಿಂಗ್ ಹಾಕಿ ಈ ರಿಯಾಯಿತಿ ಕೇಳುವ ಹಾಗಿಲ್ಲ.

ಪೈಪಿಗೆ ಪೈಪನ್ನೇ ನೇರವಾಗಿ ಕೂರಿಸಿ ವೆಲ್ಡ್ ಮಾಡುವ ಸ್ಟಬ್ ಜಾಯಿಂಟುಗಳಿಗೆ ಮಾತ್ರ ಮುಂದಿನ ಲೆಕ್ಕ ಕಡ್ಡಾಯ. ಅದಕ್ಕೂ ಮಿತಿ ಇದೆ. ಎರಡೂ ಪೈಪಿನ ಮಧ್ಯರೇಖೆಗಳು ಒಂದನ್ನೊಂದು ಸೇರಬೇಕು. ಬ್ರಾಂಚಿನ ಓರೆ ಕೋನ 45 ಡಿಗ್ರಿಗಿಂತ ಕಡಿಮೆ ಇರಬಾರದು. ಹೆಡರಿನ ಹೊರವ್ಯಾಸವನ್ನು ದಪ್ಪದಿಂದ ಭಾಗಿಸಿದರೆ 100ಕ್ಕಿಂತ ಕಡಿಮೆ ಬರಬೇಕು. 100 ಅಥವಾ ಮೇಲೆ ಬಂದರೆ ಬ್ರಾಂಚಿನ ವ್ಯಾಸ ಹೆಡರಿನ ಅರ್ಧಕ್ಕಿಂತ ಕಡಿಮೆ ಇರಬೇಕು.

ಹಂತ 1: ಮಾಹಿತಿ ಒಟ್ಟುಗೂಡಿಸಿ

ಒಂದು ಉದಾಹರಣೆ ಹಿಡಿದುಕೊಂಡೇ ಹೋಗೋಣ. ಪೀಣ್ಯದಲ್ಲಿ ತಯಾರಾಗಿ ರಿಫೈನರಿಗೆ ಹೋಗುವ ಒಂದು ಸ್ಕಿಡ್ (ಚೌಕಟ್ಟಿನ ಮೇಲೆ ಜೋಡಿಸಿದ ಘಟಕ) ಅಂದುಕೊಳ್ಳಿ. 10 ಇಂಚಿನ ಹೆಡರ್, 6 ಇಂಚಿನ ಬ್ರಾಂಚ್, 90 ಡಿಗ್ರಿ. ಎರಡೂ ಶೆಡ್ಯೂಲ್ 40 (ದಪ್ಪದ ದರ್ಜೆ), ಎರಡೂ ಎ106 ಗ್ರೇಡ್ ಬಿ ಕಾರ್ಬನ್ ಸ್ಟೀಲಿನ, ಉದ್ದನೆಯ ಬೆಸುಗೆ ಇಲ್ಲದ ಸೀಮ್‌ಲೆಸ್ ಪೈಪ್.

ಹೆಡರ್ ಹೊರವ್ಯಾಸ 273 ಮಿ.ಮೀ., ದಪ್ಪ 9.27 ಮಿ.ಮೀ.
ಬ್ರಾಂಚ್ ಹೊರವ್ಯಾಸ 168.3 ಮಿ.ಮೀ., ದಪ್ಪ 7.11 ಮಿ.ಮೀ.
ಡಿಸೈನ್ ಒತ್ತಡ 50 ಬಾರ್, ಅಂದರೆ 5 ಮೆಗಾ ಪಾಸ್ಕಲ್. ತಾಪಮಾನ 120 ಡಿಗ್ರಿ ಸೆಲ್ಸಿಯಸ್.
ಈ ತಾಪಮಾನದಲ್ಲಿ ಅನುಮತಿಸಿದ ಸ್ಟ್ರೆಸ್ 138 ಮೆಗಾ ಪಾಸ್ಕಲ್.
ಕರೋಷನ್ ಅಲೋವೆನ್ಸ್ (ತುಕ್ಕು, ಸವೆತಕ್ಕೆಂದು ಬಿಡುವ ದಪ್ಪ) 1.5 ಮಿ.ಮೀ.

ಒತ್ತಡ ಮತ್ತು ತಾಪಮಾನವನ್ನು ಲೈನ್ ಲಿಸ್ಟಿನ (ಪ್ರಾಜೆಕ್ಟಿನ ಎಲ್ಲ ಪೈಪ್ ಲೈನುಗಳ ಪಟ್ಟಿ) ಡಿಸೈನ್ ಕಾಲಮ್ಮಿನಿಂದ ತೆಗೆದುಕೊಳ್ಳಿ. ಪಕ್ಕದಲ್ಲೇ ಆಪರೇಟಿಂಗ್ ಕಾಲಮ್ ಇರುತ್ತದೆ, ಅವಸರದಲ್ಲಿ ಕಣ್ಣು ಅಲ್ಲಿಗೆ ಜಾರುತ್ತದೆ. ಕರೋಷನ್ ಅಲೋವೆನ್ಸನ್ನು ಪೈಪಿಂಗ್ ಸ್ಪೆಕ್ಕಿನಿಂದ ತೆಗೆದುಕೊಳ್ಳಿ, ನೆನಪಿನಿಂದ ಬೇಡ.

ಹಂತ 2: ನಿಜವಾಗಿ ಎಷ್ಟು ದಪ್ಪ ಇದೆ, ಎಷ್ಟು ಬೇಕು

ಸೀಮ್‌ಲೆಸ್ ಪೈಪನ್ನು ಮಿಲ್ಲಿನವರು ಹೇಳಿದ ದಪ್ಪಕ್ಕಿಂತ 12.5 ಶೇಕಡಾ ತೆಳುವಾಗಿ ಕೊಡಲು ಮಾನಕವೇ ಅವಕಾಶ ಕೊಟ್ಟಿದೆ. ಇದೇ ಮಿಲ್ ಟಾಲರೆನ್ಸ್. ಹಾಗಾಗಿ ಮೊದಲು 0.875ರಿಂದ ಗುಣಿಸಬೇಕು. ಆಮೇಲೆ ಕರೋಷನ್ ಕಳೆಯಬೇಕು. ಈ ಎರಡೂ ಆದ ಮೇಲೆ ಉಳಿಯುವುದೇ ನಮ್ಮ ಕೈಗೆ ಸಿಗುವ ದಪ್ಪ.

ಹೆಡರ್: 9.27 × 0.875 = 8.11. ಕರೋಷನ್ ಕಳೆದರೆ 6.61 ಮಿ.ಮೀ.
ಬ್ರಾಂಚ್: 7.11 × 0.875 = 6.22. ಕರೋಷನ್ ಕಳೆದರೆ 4.72 ಮಿ.ಮೀ.

ಈಗ ಒತ್ತಡ ತಡೆಯಲು ಬೇಕಾದ ದಪ್ಪ. ಸೂತ್ರ ಹೀಗಿದೆ:

ಬೇಕಾದ ದಪ್ಪ = ಒತ್ತಡ × ಹೊರವ್ಯಾಸ ÷ [2 × (ಸ್ಟ್ರೆಸ್ × ಜಾಯಿಂಟ್ ಫ್ಯಾಕ್ಟರ್ + ಒತ್ತಡ × 0.4)]

ಸೀಮ್‌ಲೆಸ್ ಆದ್ದರಿಂದ ಜಾಯಿಂಟ್ ಫ್ಯಾಕ್ಟರ್ (ಪೈಪಿನ ಉದ್ದನೆಯ ಸೀಮಿಗೆ ಕೊಡುವ ಗುಣಕ) 1. ಕೋಡಿನ ಸೂತ್ರದಲ್ಲಿ ವೆಲ್ಡ್ ಬಲದ ಇನ್ನೊಂದು ಗುಣಕವೂ ಇದೆ. ಅದು ತುಂಬಾ ಬಿಸಿ ಲೈನುಗಳಲ್ಲಿ ಮಾತ್ರ ಆಟಕ್ಕೆ ಬರುತ್ತದೆ, ಇಲ್ಲಿ ಅದೂ 1. ಕೊನೆಯ 0.4 ಎಂಬುದು ಕಾರ್ಬನ್ ಸ್ಟೀಲಿಗೆ ಸಾಮಾನ್ಯ ತಾಪಮಾನಗಳಲ್ಲಿ ಕೋಡ್ ಕೊಡುವ ಗುಣಕ.

ಹೆಡರ್: 5 × 273 ÷ [2 × (138 + 2)] = 1365 ÷ 280 = 4.875 ಮಿ.ಮೀ.
ಬ್ರಾಂಚ್: 5 × 168.3 ÷ 280 = 3.005 ಮಿ.ಮೀ.

ಹೆಡರಿನಲ್ಲಿ ಹೆಚ್ಚುವರಿ ಉಳಿದದ್ದು 6.611 − 4.875 = 1.736 ಮಿ.ಮೀ. ಬ್ರಾಂಚಿನಲ್ಲಿ 4.721 − 3.005 = 1.716 ಮಿ.ಮೀ. ಶೆಡ್ಯೂಲ್ 40 ಪೈಪ್ ನೋಡಲು ಎಷ್ಟು ದಪ್ಪ ಕಾಣುತ್ತದೆ! ಆದರೆ 9.27 ಮಿ.ಮೀ.ನಲ್ಲಿ ತೂತಿನ ಸುತ್ತ ಬಲ ಕೊಡಲು ಉಳಿದದ್ದು 1.7 ಮಿ.ಮೀ. ಮಾತ್ರ. ಲೆಕ್ಕದ ಹೂರಣ ಇಲ್ಲೇ ಇದೆ.

ಹಂತ 3: ಖರ್ಚು ಎಷ್ಟು

ಕೋಡ್ ಇದನ್ನು ಎ1 ಎನ್ನುತ್ತದೆ. ಮೊದಲು ಹೆಡರಿನಿಂದ ಕಳೆದುಹೋದ ಉದ್ದ, ಅಂದರೆ ಡಿ1 ಬೇಕು. ಬ್ರಾಂಚಿನ ಹೊರವ್ಯಾಸದಿಂದ ಎರಡೂ ಬದಿಯ ಗೋಡೆ ಕಳೆಯಬೇಕು. ಗೋಡೆ ಎಂದರೆ ಮಿಲ್ ಟಾಲರೆನ್ಸ್ ಮತ್ತು ಕರೋಷನ್ ಹೋದ ಮೇಲೆ ಉಳಿದದ್ದು. ಬಳಸಿ ಬಳಸಿ ಸವೆದ ಬ್ರಾಂಚಿನ ಒಳವ್ಯಾಸ ದೊಡ್ಡದಾಗಿರುತ್ತದೆ ಅಲ್ವಾ? ಆ ಕೊನೆಗಾಲದ ಸ್ಥಿತಿಗೇ ಲೆಕ್ಕ ಮಾಡಬೇಕು.

ಡಿ1 = [168.3 − 2 × 4.721] ÷ ಸೈನ್ 90 = 158.86 ಮಿ.ಮೀ.

ಎ1 = ಹೆಡರಿಗೆ ಬೇಕಾದ ದಪ್ಪ × ಡಿ1 × (2 − ಸೈನ್ ಕೋನ)
ಎ1 = 4.875 × 158.86 × (2 − 1) = 774.4 ಚದರ ಮಿ.ಮೀ.

ಇಲ್ಲಿ ಕೋನ ಎಷ್ಟು ಆಟ ಆಡಿಸುತ್ತದೆ ನೋಡಿ. ಇದೇ ಬ್ರಾಂಚನ್ನು 45 ಡಿಗ್ರಿ ಓರೆಯಾಗಿ ಕೂರಿಸಿದರೆ ತೂತು ಹೆಡರಿನ ಉದ್ದಕ್ಕೆ ಮೊಟ್ಟೆಯಾಕಾರವಾಗಿ ಎಳೆದುಕೊಳ್ಳುತ್ತದೆ. ಡಿ1 ಆಗ 224.66 ಮಿ.ಮೀ. ಕಂಸದೊಳಗಿನ ಬೆಲೆ 1ರ ಬದಲು 1.293. ಎ1 ಏರಿ 1416 ಚದರ ಮಿ.ಮೀ. ಆಗುತ್ತದೆ. ಹರಿವು ಸಲೀಸಾಗಲಿ ಅಂತ ಲೇಔಟ್ ಮಾಡುವವರು 45 ಡಿಗ್ರಿ ಬ್ರಾಂಚ್ ಕೇಳುತ್ತಾರೆ. ಫ್ಲೇರ್ ಹೆಡರಿನಂಥ (ಉರಿಸಿಬಿಡುವ ಅನಿಲ ಒಯ್ಯುವ ಪೈಪ್) ಕಡೆ ಅದು ಬೇಕೂ ಬೇಕು. ಬೇರೆ ಕಡೆ ಕೇಳಿದಾಗ ಈ ಸಂಖ್ಯೆ ತೋರಿಸಿ ಮಾತಾಡಿ.

ಹಂತ 4: ಜಮಾ ಎಣಿಸುವ ಗಡಿ

ತೂತಿನಿಂದ ಮೀಟರ್ ದೂರದಲ್ಲಿರುವ ಲೋಹ ತೂತಿಗೆ ಸಹಾಯಕ್ಕೆ ಬರುವುದಿಲ್ಲ. ಹಾಗಾಗಿ ಕೋಡ್ ಒಂದು ಚೌಕಟ್ಟು ಹಾಕುತ್ತದೆ. ಅದರೊಳಗಿನ ಲೋಹ ಮಾತ್ರ ಜಮಾ.

ಅಗಲಕ್ಕೆ: ಬ್ರಾಂಚಿನ ಮಧ್ಯದಿಂದ ಎರಡೂ ಕಡೆ ಡಿ2 ದೂರ. ಡಿ1 ಮತ್ತು (ಬ್ರಾಂಚಿನ ಉಳಿದ ದಪ್ಪ + ಹೆಡರಿನ ಉಳಿದ ದಪ್ಪ + ಡಿ1ರ ಅರ್ಧ), ಈ ಎರಡರಲ್ಲಿ ದೊಡ್ಡದು ಡಿ2. ಆದರೆ ಅದು ಹೆಡರಿನ ಹೊರವ್ಯಾಸ ಮೀರಬಾರದು. ನಮ್ಮಲ್ಲಿ ಎರಡನೆಯದು 4.72 + 6.61 + 79.43 = 90.76. ಮೊದಲನೆಯದು 158.86. ದೊಡ್ಡದು 158.86, ಅದು 273ರ ಒಳಗೇ ಇದೆ. ಡಿ2 = 158.86 ಮಿ.ಮೀ.

ಎತ್ತರಕ್ಕೆ: ಹೆಡರಿನ ಹೊರಮೈಯಿಂದ ಮೇಲೆ ಎಲ್4. ಹೆಡರಿನ ಉಳಿದ ದಪ್ಪದ 2.5 ಪಟ್ಟು, ಅಥವಾ ಬ್ರಾಂಚಿನ ಉಳಿದ ದಪ್ಪದ 2.5 ಪಟ್ಟಿಗೆ ಪ್ಯಾಡಿನ ದಪ್ಪ ಕೂಡಿಸಿದ್ದು, ಇವುಗಳಲ್ಲಿ ಚಿಕ್ಕದು. ಸದ್ಯಕ್ಕೆ ಪ್ಯಾಡ್ ಇಲ್ಲ. 16.53 ಮತ್ತು 11.80ರಲ್ಲಿ ಚಿಕ್ಕದು 11.80 ಮಿ.ಮೀ.

ಅಗಲಕ್ಕೆ ದೊಡ್ಡದು, ಎತ್ತರಕ್ಕೆ ಚಿಕ್ಕದು. ಎಕ್ಸೆಲ್ ಶೀಟಿನಲ್ಲಿ ಮ್ಯಾಕ್ಸ್, ಮಿನ್ ಅದಲು ಬದಲಾದರೆ ಉತ್ತರ ಸುಳ್ಳಾಗುತ್ತದೆ, ಆದರೆ ನೋಡಲು ಸರಿಯಾಗಿಯೇ ಕಾಣುತ್ತದೆ. ಬೇರೆಯವರ ಶೀಟ್ ಸಿಕ್ಕಾಗ ನಾನು ಮೊದಲು ತೆರೆದು ನೋಡುವುದು ಈ ಎರಡು ಸೆಲ್‌ಗಳನ್ನೇ.

ಹಂತ 5: ಪ್ಯಾಡ್ ಇಲ್ಲದೆ ಜಮಾ ಎಷ್ಟು

ಹೆಡರಿನಲ್ಲಿರುವ ಹೆಚ್ಚುವರಿ ಲೋಹ ಎ2:
ಎ2 = (2 × ಡಿ2 − ಡಿ1) × ಹೆಡರಿನ ಹೆಚ್ಚುವರಿ ದಪ್ಪ = 158.86 × 1.736 = 275.8 ಚದರ ಮಿ.ಮೀ.

ಬ್ರಾಂಚಿನಲ್ಲಿರುವ ಹೆಚ್ಚುವರಿ ಲೋಹ ಎ3:
ಎ3 = 2 × ಎಲ್4 × ಬ್ರಾಂಚಿನ ಹೆಚ್ಚುವರಿ ದಪ್ಪ ÷ ಸೈನ್ ಕೋನ = 2 × 11.80 × 1.716 = 40.5 ಚದರ ಮಿ.ಮೀ.

ಬ್ರಾಂಚಿನ ಲೋಹದ ಅನುಮತಿಸಿದ ಸ್ಟ್ರೆಸ್ ಹೆಡರಿಗಿಂತ ಕಡಿಮೆ ಇದ್ದರೆ ಎ3 ಅನ್ನು ಅದೇ ಪ್ರಮಾಣದಲ್ಲಿ ಇಳಿಸಬೇಕು. ಜಾಸ್ತಿ ಇದ್ದರೆ ಏರಿಸುವ ಹಾಗಿಲ್ಲ.

ಉಳಿದದ್ದು ಎ4. ಪ್ಯಾಡ್ ಇಲ್ಲದಾಗ ಇದು ಬರೀ ಫಿಲೆಟ್ ವೆಲ್ಡ್, ಅಂದರೆ ಮೂಲೆಯಲ್ಲಿ ತುಂಬುವ ತ್ರಿಕೋನದ ವೆಲ್ಡ್. ಅದರ ಬದಿಯ ಉದ್ದ ಲೆಗ್, ಮೂಲೆಯಿಂದ ಹೊರಮೈಗೆ ಇರುವ ದಪ್ಪ ಥ್ರೋಟ್. ಫಿಲೆಟ್ಟಿನ ಕನಿಷ್ಠ ಥ್ರೋಟ್ ಬ್ರಾಂಚಿನ ದಪ್ಪದ 0.7 ಪಟ್ಟು ಅಥವಾ 6 ಮಿ.ಮೀ., ಯಾವುದು ಕಡಿಮೆಯೋ ಅದು. 0.7 × 7.11 = 4.98. ಅದನ್ನು 0.707ರಿಂದ ಭಾಗಿಸಿದರೆ ಲೆಗ್ 7.04 ಮಿ.ಮೀ. ಎರಡೂ ಬದಿಯ ತ್ರಿಕೋನ ಸೇರಿ 49.6 ಚದರ ಮಿ.ಮೀ. ಶಾಪಿನಲ್ಲಿ ವೆಲ್ಡರ್ 10 ಮಿ.ಮೀ. ಲೆಗ್ ತುಂಬುತ್ತಾನೆ ಅಂತ ಗೊತ್ತಿದ್ದರೂ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅಷ್ಟು ದೊಡ್ಡ ವೆಲ್ಡ್ ಮಾಡಬೇಕೆಂದು ಅವನಿಗೆ ಸ್ಪಷ್ಟವಾಗಿ ಸೂಚನೆ ಕೊಟ್ಟಿದ್ದರೆ ಮಾತ್ರ ಕೋಡ್ ಒಪ್ಪುತ್ತದೆ. ಅಂದರೆ ಡ್ರಾಯಿಂಗಿನಲ್ಲಿ ಆ ಅಳತೆ ಬರೆದಿರಬೇಕು.

ಒಟ್ಟು ಜಮಾ 275.8 + 40.5 + 49.6 = 365.9. ಬೇಕಾದದ್ದು 774.4. ಅರ್ಧಕ್ಕೂ ಕಡಿಮೆ. ಕೊರತೆ 408.5 ಚದರ ಮಿ.ಮೀ. ಪ್ಯಾಡ್ ಬೇಕು.

ಹಂತ 6: ಪ್ಯಾಡಿನ ಅಳತೆ

ಪ್ಯಾಡ್ ಯಾವುದರಿಂದ ಮಾಡುತ್ತೀರಿ? ನಮ್ಮ ಶಾಪುಗಳಲ್ಲಿ ಸಾಮಾನ್ಯವಾಗಿ ಹೆಡರ್ ಪೈಪಿನ ಉಳಿದ ತುಂಡನ್ನೇ ಕತ್ತರಿಸಿ, ಸ್ವಲ್ಪ ಬಿಡಿಸಿ ಕೂರಿಸುತ್ತಾರೆ. ಇದು ಒಳ್ಳೆಯ ಪದ್ಧತಿ. ಲೋಹ ಅದೇ, ಹೀಟ್ ನಂಬರ್ (ಯಾವ ಎರಕದ ಲೋಹ ಎಂಬ ಗುರುತು) ಕೈಯಲ್ಲಿರುತ್ತದೆ. ಆದರೆ ಪೈಪಿನಿಂದ ಮಾಡಿದ ಪ್ಯಾಡಿಗೂ ಮಿಲ್ ಟಾಲರೆನ್ಸ್ ಕಳೆಯಬೇಕು. ಹಾಗಾಗಿ ದಪ್ಪ 9.27 ಅಲ್ಲ, 8.11. ಪ್ಲೇಟಿನಿಂದ ಮಾಡಿದರೆ ಹೇಳಿದ ದಪ್ಪವನ್ನೇ ಹಿಡಿಯಬಹುದು. ಎರಡರಲ್ಲೂ ಕರೋಷನ್ ಕಳೆಯಬೇಕಿಲ್ಲ, ಪ್ಯಾಡಿಗೆ ಒಳಗಿನ ದ್ರವ ತಾಗುವುದಿಲ್ಲ.

ಪ್ಲೇಟ್ ಹಾಕುವಾಗ ಕೈಗೆ ಸಿಕ್ಕಿದ ಸ್ಟ್ರಕ್ಚರಲ್ ಪ್ಲೇಟ್ ಹಾಕುವ ಆಸೆ ಬರುತ್ತದೆ. ಹೆಡರಿಗಿಂತ ಕಡಿಮೆ ಸ್ಟ್ರೆಸ್ಸಿನ ಲೋಹವಾದರೆ ಅದರ ವಿಸ್ತೀರ್ಣ ಆ ಪ್ರಮಾಣಕ್ಕೆ ಇಳಿಯುತ್ತದೆ. ಹೆಚ್ಚಿನ ಬಲದ ಪ್ಲೇಟಿಗೆ ಹೆಚ್ಚಿನ ಅಂಕ ಇಲ್ಲ. ಹೆಡರಿಗೆ ಹೊಂದುವ ವೆಲ್ಡಬಿಲಿಟಿ, ಹೀಟ್ ಟ್ರೀಟ್‌ಮೆಂಟ್, ಹಿಗ್ಗುವ ಗುಣವೂ ಇರಬೇಕು.

ಪ್ಯಾಡ್ ಬಂದ ಕೂಡಲೇ ಎಲ್4 ಬದಲಾಗುತ್ತದೆ. ಇದನ್ನು ಮರೆಯುವವರು ಬಹಳ ಜನ. ಈಗ 16.53 ಮತ್ತು 11.80 + 8.11 = 19.91ರಲ್ಲಿ ಚಿಕ್ಕದು 16.53. ಎ3 ಏರಿ 2 × 16.53 × 1.716 = 56.7 ಆಯಿತು.

ಪ್ಯಾಡಿನ ಹೊರವ್ಯಾಸ 230 ಮಿ.ಮೀ. ಎಂದು ಹಿಡಿಯೋಣ. ಅಂದರೆ ಬ್ರಾಂಚಿನ ಸುತ್ತ ಸುಮಾರು 31 ಮಿ.ಮೀ. ಅಗಲದ ಬಳೆ.

ಪ್ಯಾಡಿನ ವಿಸ್ತೀರ್ಣ = (230 − 168.3) × 8.11 = 500.4 ಚದರ ಮಿ.ಮೀ.
ಬ್ರಾಂಚಿಗೂ ಪ್ಯಾಡಿಗೂ ನಡುವಿನ ಫಿಲೆಟ್ = 49.6
ಪ್ಯಾಡಿನ ಹೊರಅಂಚಿನ ಫಿಲೆಟ್: ಥ್ರೋಟ್ ಕನಿಷ್ಠ ಪ್ಯಾಡಿನ ದಪ್ಪದ ಅರ್ಧ, ಅಂದರೆ 4.64. ಲೆಗ್ 6.56. ಎರಡೂ ಬದಿ ಸೇರಿ 43.0

ಒಟ್ಟು: 275.8 + 56.7 + 500.4 + 49.6 + 43.0 = 925.5. ಬೇಕಾದದ್ದು 774.4. ಸಾಕು.

ಮುಗಿಸುವ ಮುಂಚೆ ಚೌಕಟ್ಟನ್ನು ಇನ್ನೊಮ್ಮೆ ನೋಡಿ. ಪ್ಯಾಡ್ ಮತ್ತು ಹೊರ ಫಿಲೆಟ್ ಸೇರಿ ಮಧ್ಯದಿಂದ 115 + 6.56 = 121.6 ಮಿ.ಮೀ. ದೂರಕ್ಕೆ ಹೋಗುತ್ತದೆ. ಗಡಿ 158.86. ಎತ್ತರದಲ್ಲಿ ಪ್ಯಾಡ್ ಮತ್ತು ಮೇಲಿನ ಫಿಲೆಟ್ ಸೇರಿ 8.11 + 7.04 = 15.15. ಗಡಿ 16.53. ಎಲ್ಲವೂ ಒಳಗಿದೆ. ಹೊರಗೆ ಹೋದದ್ದನ್ನು ಎಣಿಸುವ ಹಾಗಿಲ್ಲ. ಜಾಸ್ತಿ ಅಗಲದ ಪ್ಯಾಡ್ ಹಾಕಿದರೆ ಜಾಸ್ತಿ ಬಲ ಎಂಬ ನಂಬಿಕೆ ಗಡಿಯ ತನಕ ಮಾತ್ರ ನಿಜ.

ಹಂತ 7: ಊಹೆಗಳನ್ನು ಅಲುಗಾಡಿಸಿ ನೋಡಿ

ಇಲ್ಲಿಗೆ ಲೆಕ್ಕ ಮುಗಿಯಿತು ಅಂತ ಫೈಲ್ ಮುಚ್ಚಬೇಡಿ. ಕ್ಲೈಂಟ್ ಕರೋಷನ್ ಅಲೋವೆನ್ಸನ್ನು 1.5ರಿಂದ 3 ಮಿ.ಮೀ.ಗೆ ಏರಿಸಿದ ಅಂದುಕೊಳ್ಳಿ. ಪ್ರಾಜೆಕ್ಟಿನ ಮಧ್ಯದಲ್ಲಿ ಹೀಗಾಗುವುದು ಅಪರೂಪವಲ್ಲ. ಒಂದೂವರೆ ಮಿ.ಮೀ. ತಾನೇ ಅನ್ನಿಸುತ್ತದೆ. ಈಗ ನೋಡಿ. ಹೆಡರಿನ ಹೆಚ್ಚುವರಿ 1.736ರಿಂದ 0.236 ಮಿ.ಮೀ.ಗೆ ಕುಸಿಯುತ್ತದೆ. ಎ2 ಆಗ 275.8 ಅಲ್ಲ, ಬರೀ 38 ಚದರ ಮಿ.ಮೀ. ಎ3 ಹೆಚ್ಚುಕಡಿಮೆ ಇಲ್ಲವೇ ಇಲ್ಲ ಅನ್ನುವಷ್ಟು. ಎಲ್4 ಕುಗ್ಗಿ 12.78 ಆಗುತ್ತದೆ, ಮೇಲಿನ ಫಿಲೆಟ್ಟಿನ ತುದಿ ಗಡಿಯ ಹೊರಗೆ ಬೀಳುತ್ತದೆ. ಎ1 ಮಾತ್ರ ಸ್ವಲ್ಪ ಏರಿ 789 ಆಗಿರುತ್ತದೆ. 230 ಮಿ.ಮೀ. ಪ್ಯಾಡಿನೊಂದಿಗೆ ಒಟ್ಟು ಜಮಾ ಸುಮಾರು 631. ಜಾಯಿಂಟ್ ಫೇಲ್. ಪ್ಯಾಡನ್ನು 270 ಮಿ.ಮೀ.ಗೆ ಹಿಗ್ಗಿಸಿದರೆ ಮತ್ತೆ ಪಾಸ್.

ಪೈಪಿನ ದಪ್ಪ ಮಾತ್ರ ನೋಡುವವರಿಗೆ ಈ ಬದಲಾವಣೆಯಲ್ಲಿ ತೊಂದರೆ ಕಾಣುವುದಿಲ್ಲ. ಹೆಡರ್ 0.236 ಮಿ.ಮೀ. ಅಂತರದಲ್ಲಿ ಪಾಸ್ ಆಗುತ್ತದಲ್ಲ! ಬ್ರಾಂಚ್ ಜಾಯಿಂಟೇ ಮೊದಲು ಸೋಲುವುದು. ಆದ್ದರಿಂದ ಲೈನ್ ಲಿಸ್ಟ್ ರಿವಿಷನ್ ಬಂದಾಗಲೆಲ್ಲ ಪ್ಯಾಡ್ ಲೆಕ್ಕವನ್ನೂ ತೆರೆಯಿರಿ.

ಎರಡನೆಯ ಊಹೆ ಪೈಪಿನ ಸೀಮ್. ಎ106 ಬದಲು ಉದ್ದಕ್ಕೆ ವಿದ್ಯುತ್ತಿನಿಂದ ಬೆಸೆದ ಇ.ಆರ್.ಡಬ್ಲ್ಯು. ಪೈಪ್, ಎ53 ಗ್ರೇಡ್ ಬಿ ಬಂದರೆ ಜಾಯಿಂಟ್ ಫ್ಯಾಕ್ಟರ್ 0.85. ಬ್ರಾಂಚಿನ ತೂತು ಹೆಡರಿನ ಉದ್ದನೆಯ ಸೀಮನ್ನು ಕತ್ತರಿಸದಿದ್ದರೆ ಎ1 ಲೆಕ್ಕಕ್ಕೆ ಈ 0.85 ಹಿಡಿಯಬೇಕಿಲ್ಲ. ಕತ್ತರಿಸಿದರೆ ಹಿಡಿಯಲೇಬೇಕು. ಬೇಕಾದ ದಪ್ಪ 5.72ಕ್ಕೆ ಏರುತ್ತದೆ, ಎ1 ಸುಮಾರು 909 ಆಗುತ್ತದೆ, ಎ2 ಇಳಿಯುತ್ತದೆ. ಪೈಪನ್ನು ಸ್ವಲ್ಪ ತಿರುಗಿಸಿ ಸೀಮ್ ತಪ್ಪಿಸಿದರೆ ಒಂದು ರೂಪಾಯಿ ಖರ್ಚಿಲ್ಲದೆ ಇದು ಉಳಿಯುತ್ತದೆ. ಡ್ರಾಯಿಂಗಿನಲ್ಲಿ ಸೀಮ್ ಎಲ್ಲಿ ಬರಬೇಕೆಂದು ಬರೆಯುವ ಅಭ್ಯಾಸ ಎಲ್ಲರಿಗೂ ಬರಲಿ ಅಂತ ನನ್ನ ಆಸೆ.

ಮೂರನೆಯದು ಪಕ್ಕದ ಬ್ರಾಂಚ್. ಮ್ಯಾನಿಫೋಲ್ಡಿನಲ್ಲಿ ಬ್ರಾಂಚುಗಳು ಸಾಲಾಗಿ ಕೂತಿರುತ್ತವೆ. ಎರಡು ತೂತುಗಳ ಚೌಕಟ್ಟು ಒಂದರ ಮೇಲೊಂದು ಬಿದ್ದರೆ ನಡುವಿನ ಲೋಹವನ್ನು ಎರಡು ಸಲ ಎಣಿಸಬಾರದು. ಆಗ ಎರಡರ ಮಧ್ಯದಿಂದ ಮಧ್ಯಕ್ಕೆ ದೂರ ಅವುಗಳ ಸರಾಸರಿ ವ್ಯಾಸದ ಒಂದೂವರೆ ಪಟ್ಟಾದರೂ ಇರಬೇಕು. ಎರಡಕ್ಕೂ ಬೇಕಾದ ಒಟ್ಟು ವಿಸ್ತೀರ್ಣದ ಅರ್ಧದಷ್ಟಾದರೂ ನಡುವೆಯೇ ಸಿಗಬೇಕು.

ಈ ಲೆಕ್ಕ ಹೇಳದ ವಿಷಯ

ಇದು ಬರೀ ಒತ್ತಡದ ಲೆಕ್ಕ. ಬಿಸಿಗೆ ಪೈಪ್ ಹಿಗ್ಗಿ ಬ್ರಾಂಚನ್ನು ಬಾಗಿಸುವುದು, ವಾಲ್ವಿನ ಭಾರ, ಪಂಪಿನ ಕಂಪನ, ಇವು ಯಾವುವೂ ಇದರಲ್ಲಿ ಇಲ್ಲ. ಅವುಗಳನ್ನು ಸ್ಟ್ರೆಸ್ ಅನಾಲಿಸಿಸ್‌ನಲ್ಲಿ ನೋಡಬೇಕು. ಬ್ರಾಂಚಿನ ಬಳಿ ಸ್ಟ್ರೆಸ್ ಎಷ್ಟು ಪಟ್ಟು ಏರುತ್ತದೆ ಎಂಬ ಗುಣಕಕ್ಕೆ ಈಗ ಬಿ31ಜೆ ಎಂಬ ಬೇರೆ ಮಾನಕ ಇದೆ. ಎ1ಕ್ಕಿಂತ ಜಮಾ ಜಾಸ್ತಿ ಬಂದರೂ ಸ್ಟ್ರೆಸ್ ಅನಾಲಿಸಿಸ್‌ನಲ್ಲಿ ಆ ಜಾಯಿಂಟ್ ಕೆಂಪಾಗಿ ಬರಬಹುದು. ಎರಡೂ ಪಾಸ್ ಆಗಬೇಕು.

ಜೋರು ಕಂಪನ ಇರುವ ಕಡೆ, ಬಿಸಿ ತಂಪು ಪದೇ ಪದೇ ಬದಲಾಗುವ ಲೈನಿನಲ್ಲಿ ನಾನು ಪ್ಯಾಡಿಗಿಂತ ಟೀ ಅಥವಾ ಓಲೆಟ್ ಕಡೆ ವಾಲುತ್ತೇನೆ. ಪ್ಯಾಡ್ ಹೆಡರಿಗೆ ಅಂಚುಗಳಲ್ಲಿ ಮಾತ್ರ ಅಂಟಿರುತ್ತದೆ. ಹೆಡರ್ ಬಿಸಿಯಾಗಿ ಪ್ಯಾಡ್ ಇನ್ನೂ ತಣ್ಣಗಿದ್ದಾಗ ಆ ಫಿಲೆಟ್ಟುಗಳೇ ಎಳೆತ ಹೊರಬೇಕು. ಪ್ಯಾಡಿಗೆ ಬೇಕಾದ ಕತ್ತರಿಸುವುದು, ಫಿಟ್‌ಅಪ್, ಎರಡು ಸುತ್ತು ಫಿಲೆಟ್, ಟೆಸ್ಟಿಂಗ್ ಎಲ್ಲ ಕೂಡಿಸಿದರೆ ಓಲೆಟ್ ದುಬಾರಿ ಅನ್ನುವ ಮಾತೂ ಬಹಳ ಸಲ ನಿಲ್ಲುವುದಿಲ್ಲ. ಖರ್ಚಿನ ಹೋಲಿಕೆ ಮಾಡುವಾಗ ಫಿಟ್ಟಿಂಗಿನ ಬೆಲೆ ಒಂದನ್ನೇ ನೋಡಬೇಡಿ, ವೆಲ್ಡರಿನ ಗಂಟೆಗಳನ್ನೂ ಸೇರಿಸಿ.

ಹಂತ 8: ಡ್ರಾಯಿಂಗಿಗೂ ಶಾಪಿಗೂ ಹೋಗಬೇಕಾದ ಮಾತು

ಲೆಕ್ಕ ಎಷ್ಟೇ ಸರಿ ಇದ್ದರೂ ಡ್ರಾಯಿಂಗಿನಲ್ಲಿ "ಆರ್.ಎಫ್. ಪ್ಯಾಡ್" ಎಂದಷ್ಟೇ ಬರೆದರೆ ಶಾಪಿನಲ್ಲಿ ಕೈಗೆ ಸಿಕ್ಕಿದ್ದು ಬೀಳುತ್ತದೆ. ಪ್ಯಾಡಿನ ಹೊರವ್ಯಾಸ, ದಪ್ಪ, ಲೋಹ, ಎರಡೂ ಫಿಲೆಟ್ಟಿನ ಲೆಗ್, ತೂತಿನ ಜಾಗ ಎಲ್ಲವೂ ಕಾಣಬೇಕು.

ಬ್ರಾಂಚನ್ನು ಹೆಡರಿಗೆ ಕೂಡಿಸುವ ವೆಲ್ಡ್ ಪೂರ್ತಿ ಗೋಡೆ ತುಂಬಿರಬೇಕು. ಅದನ್ನು ಪರೀಕ್ಷೆ ಮಾಡಿ, ರಿಪೇರಿ ಇದ್ದರೆ ಮುಗಿಸಿ, ಆಮೇಲೆಯೇ ಪ್ಯಾಡ್ ಕೂರಿಸಬೇಕು. ಇದು ಕೋಡಿನ ಕಟ್ಟಳೆ. ಯೋಚಿಸಿದರೆ ಗೊತ್ತಾಗುತ್ತದೆ, ಪ್ಯಾಡ್ ಬಿದ್ದ ಮೇಲೆ ಆ ವೆಲ್ಡ್ ಯಾರ ಕಣ್ಣಿಗೂ ಬೀಳುವುದಿಲ್ಲ. ಡಿಸ್ಪ್ಯಾಚ್ ಅವಸರದಲ್ಲಿ "ಅಣ್ಣ, ಡಿ.ಪಿ. ಆಮೇಲೆ ಮಾಡೋಣ, ಪ್ಯಾಡ್ ಹಾಕ್ಬಿಡು" (ಡಿ.ಪಿ. ಎಂದರೆ ಬಿರುಕು ತೋರಿಸುವ ಬಣ್ಣದ ಪರೀಕ್ಷೆ) ಅನ್ನುವ ಮಾತಿಗೆ ಇನ್‌ಸ್ಪೆಕ್ಟರ್ ಒಪ್ಪಲೇಬಾರದು.

ಪ್ಯಾಡಿನಲ್ಲಿ ಒಂದು ಟೆಲ್‌ಟೇಲ್ ತೂತು ಇರಲೇಬೇಕು. ಎರಡು ತುಂಡಾಗಿ ಪ್ಯಾಡ್ ಮಾಡಿದರೆ ಪ್ರತಿ ತುಂಡಿಗೂ ಒಂದೊಂದು. ಸಾಮಾನ್ಯವಾಗಿ 6 ಮಿ.ಮೀ. ಕೊರೆಯುತ್ತಾರೆ. ಜಾಗ ಮುಖ್ಯ. ಹೆಡರಿನ ಉದ್ದದ ದಿಕ್ಕಿನಲ್ಲಿರುವ ಕ್ರಾಚ್ ಕಡೆ ಬೇಡ, ಪಕ್ಕಕ್ಕೆ ಇರಬೇಕು. ವೆಲ್ಡ್ ಮಾಡುವಾಗ ಒಳಗೆ ಸಿಕ್ಕಿಕೊಂಡ ಗಾಳಿ ಬಿಸಿಯಾಗಿ ಹೊರಬರಲು ಇದೇ ದಾರಿ. ಮುಂದೆ ಒಳಗಿನ ವೆಲ್ಡ್ ಸೋರಿದರೆ ಮೊದಲು ಗೊತ್ತಾಗುವುದೂ ಇಲ್ಲೇ. ಅನೇಕ ಕ್ಲೈಂಟುಗಳು ಈ ತೂತಿನಿಂದ ಕಡಿಮೆ ಒತ್ತಡದ ಗಾಳಿ ಬಿಟ್ಟು, ವೆಲ್ಡ್ ಮೇಲೆ ಸೋಪು ನೀರು ಹಚ್ಚಿ ಗುಳ್ಳೆ ನೋಡುವ ಟೆಸ್ಟ್ ಕೇಳುತ್ತಾರೆ. ಕೇಳದಿದ್ದರೂ ಮಾಡಿ.

ಹೈಡ್ರೋ ಟೆಸ್ಟ್ (ನೀರು ತುಂಬಿ ಒತ್ತಡ ಹಾಕುವ ಪರೀಕ್ಷೆ) ವೇಳೆ ಈ ತೂತು ತೆರೆದೇ ಇರಬೇಕು. ಟೆಸ್ಟ್ ಆದ ಮೇಲೆ ಮಳೆ ನೀರು ಒಳಗೆ ಹೋಗದಂತೆ ಗ್ರೀಸ್ ತುಂಬಿ ಬಿಡಿ. ವೆಲ್ಡ್ ಮಾಡಿ ಮುಚ್ಚಬೇಡಿ. ಮುಚ್ಚಿದರೆ ಸೋರಿಕೆಯ ಸುಳಿವು ಹೋಗುತ್ತದೆ, ಸೋರಿದ ದ್ರವದ ಒತ್ತಡ ಪ್ಯಾಡಿನ ಅಡಿಯಲ್ಲೇ ಕಟ್ಟಿಕೊಳ್ಳುತ್ತದೆ.

ಹಳೆಯ ಲೈನಿಗೆ ಹೊಸ ಬ್ರಾಂಚ್

ಬೊಮ್ಮಸಂದ್ರ, ಜಿಗಣಿಯ ಹಳೆಯ ಘಟಕಗಳಲ್ಲಿ ಈ ಕೆಲಸವೇ ಜಾಸ್ತಿ. ಅಲ್ಲಿ ಶೆಡ್ಯೂಲ್ ಪುಸ್ತಕದ ದಪ್ಪ ಹಿಡಿಯಬೇಡಿ. ಅಲ್ಟ್ರಾಸಾನಿಕ್ ಗೇಜಿನಲ್ಲಿ ಹೊಸ ತೂತು ಬರುವ ಜಾಗದ ಸುತ್ತ, ಡಿ2 ದೂರದ ತನಕ ಹಲವು ಕಡೆ ಅಳೆಯಿರಿ. ಸಿಕ್ಕಿದ ಕನಿಷ್ಠ ಸಂಖ್ಯೆಯೇ ನಿಮ್ಮ ಹೆಡರಿನ ದಪ್ಪ. ಅಳೆದ ದಪ್ಪಕ್ಕೆ ಮಿಲ್ ಟಾಲರೆನ್ಸ್ ಮತ್ತೆ ಕಳೆಯಬೇಕಿಲ್ಲ. ಆದರೆ ಲೈನ್ ಇನ್ನೆಷ್ಟು ವರ್ಷ ಓಡಬೇಕೋ ಅಷ್ಟು ವರ್ಷದ ಸವೆತವನ್ನು ಕಳೆಯಿರಿ. ಹಳೆಯ ಪೈಪಿನ ಎಂ.ಟಿ.ಸಿ. (ಮಿಲ್ಲಿನ ಪರೀಕ್ಷಾ ಪ್ರಮಾಣಪತ್ರ) ಸಿಗದಿದ್ದರೆ ಗ್ರೇಡ್ ಊಹಿಸಿ 138 ಹಾಕಬೇಡಿ. ಲೋಹ ಯಾವುದೆಂದು ಪರೀಕ್ಷೆ ಮಾಡಿಸಿ, ಖಚಿತವಾದ ಮೇಲೆ ಹಂತ 2ರಿಂದ ಶುರು ಮಾಡಿ.